ಬೋಣಿ ಹೊತ್ತಿಗೆ ಹತ್ತು ಸೀನು! ಇದು ನೆಗಡಿಯಲ್ಲ ಸಾವ್ಕಾರ್ರೇ, ಅಲರ್ಜಿ

ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆ ಕಡೆ ಬೆಳಿಗ್ಗೆ ಅಂಗಡಿ ಬಾಗಿಲು ತೆರೆಯುವ ಹೊತ್ತಿಗೆ ಒಂದು ಸುತ್ತು ಹಾಕಿ ಬನ್ನಿ. ಷಟರ್ ಎತ್ತಿದ ಸದ್ದಿನ ಹಿಂದೆಯೇ ಇನ್ನೊಂದು ಸದ್ದು ಕೇಳುತ್ತದೆ. ಆಕ್ಷೀ...! ಒಂದಲ್ಲ, ಎರಡಲ್ಲ, ಸಾಲಾಗಿ ಎಂಟು ಹತ್ತು. ಬೋಣಿ ಹೊತ್ತಿಗೆ ಒಂಟಿ ಸೀನು ಅಪಶಕುನ ಅಂತಾರೆ. ಹತ್ತು ಸೀನಿಗೆ ಯಾವ ಶಕುನವೋ, ಪಂಚಾಂಗದಲ್ಲೂ ಬರೆದಿಲ್ಲ!

"ಯಾಕ್ರೀ ಸಾವ್ಕಾರ್ರೇ, ನೆಗಡಿನಾ?" ಅಂತ ಕೇಳಿದರೆ, "ಹೂಂ ಕಣ್ರೀ, ದೀಪಾವಳಿಯಿಂದ ಹಿಡಕೊಂಡಿದೆ, ಬಿಡವಲ್ದು" ಎಂಬ ಉತ್ತರ ಸಿದ್ಧ. ದೀಪಾವಳಿಗೆ ಬಂದ ನೆಗಡಿ ಯುಗಾದಿ ದಾಟಿದರೂ ಇದೆ ಎಂದರೆ ಅದು ನೆಗಡಿ ಹೇಗಾದೀತು ಸ್ವಾಮಿ?

ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ ಎಂಬ ಗಾದೆ ನಮ್ಮಲ್ಲುಂಟು. ಗಾದೆ ಕಟ್ಟಿದವರಿಗೆ ಮೂಗು ಸೋರುವವರ ಗೋಳು ಗೊತ್ತಿತ್ತು. ಆದರೆ ತಿಂಗಳುಗಟ್ಟಲೆ ಬಿಡದ ಈ ಸೀನು, ಸೋರುವ ಮೂಗು, ಕಟ್ಟಿದ ಮೂಗು, ಕಣ್ಣುರಿ, ಅಂಗಳದ ತುರಿಕೆ ಇವೆಲ್ಲ ಬಹಳ ಜನರಲ್ಲಿ ಅಲರ್ಜಿಯ ಕಾಟ. ಅದಕ್ಕೆ ಮದ್ದಿದೆ, ಉಪಾಯವಿದೆ. ನಾವು ಮಾಡುತ್ತಿರುವುದು ಮಾತ್ರ ತದ್ವಿರುದ್ಧ. ತಡೆಯಲಾರದಷ್ಟು ಆದಾಗ ಒಂದು ಗುಳಿಗೆ ನುಂಗುವುದು, ಇಳಿದ ಕೂಡಲೇ ಮರೆತುಬಿಡುವುದು. ಅಂಗಡಿ ಲೆಕ್ಕ ದಿನಾ ಬರೆದರೆ ಸಲೀಸು, ವರ್ಷಕ್ಕೊಮ್ಮೆ ಬರೆಯಲು ಕೂತರೆ ತಲೆಬಿಸಿ. ಅಲರ್ಜಿಯೂ ಹಾಗೆಯೇ. ದಿನದ್ದು ದಿನಾ ನೋಡಿಕೊಂಡವರು ಗೆಲ್ಲುತ್ತಾರೆ.

ನೆಗಡಿಯೋ, ಅಲರ್ಜಿಯೋ?

ಗುರುತಿಸುವುದು ಕಷ್ಟವೇನಲ್ಲ. ನೆಗಡಿ ವೈರಸ್ಸಿನಿಂದ ಬರುತ್ತದೆ. ಮೈ ಕೈ ನೋವು, ಗಂಟಲು ಕೆರೆತ, ಕೆಲವೊಮ್ಮೆ ಜ್ವರ ಇರುತ್ತದೆ. ಸಾಮಾನ್ಯವಾಗಿ ಒಂದು ವಾರ, ಹತ್ತು ದಿನಕ್ಕೆ ತಾನೇ ಜಾಗ ಖಾಲಿ ಮಾಡುತ್ತದೆ. ಅಲರ್ಜಿಗೆ ಜ್ವರವಿಲ್ಲ. ನೀರಿನಂಥ ಸಿಂಬಳ. ಮೂಗು, ಕಣ್ಣು, ಅಂಗಳ ತುರಿಸುತ್ತದೆ. ಎದ್ದ ಕೂಡಲೇ ಸಾಲು ಸೀನು, ಆಮೇಲೆ ಮೂಗು ಬಂದ್. ಕಸ ಗುಡಿಸುವಾಗ, ಹಳೇ ಲೆಕ್ಕದ ಪುಸ್ತಕ ತೆಗೆದಾಗ, ಹಾಸಿಗೆ ಕೊಡವಿದಾಗ ಮತ್ತೆ ಶುರು. ವಾರಕ್ಕೆ 4 ದಿನಕ್ಕಿಂತ ಹೆಚ್ಚು, ಹಾಗೇ ಬಿಡದೆ 4 ವಾರಕ್ಕಿಂತ ಹೆಚ್ಚು ಕಾಲ ಹೀಗೆ ಕಾಡಿದರೆ ಡಾಕ್ಟರುಗಳು ಅದನ್ನು ಬಿಡದ ಅಲರ್ಜಿಯ ಲೆಕ್ಕಕ್ಕೆ ಸೇರಿಸುತ್ತಾರೆ.

ಅಲರ್ಜಿ ಎಂಬ ಹೆಸರನ್ನು ಟಂಕಿಸಿದವರು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ, 1906ರಲ್ಲಿ. ಸಂಗತಿ ಇಷ್ಟೇ. ನಮ್ಮ ದೇಹದಲ್ಲಿ ರೋಗಾಣುಗಳನ್ನು ಹಿಡಿಯುವ ಕಾವಲು ಪಡೆ ಉಂಟಲ್ಲ, ಅದು ಕೆಲವರಲ್ಲಿ ಕೇಡು ಮಾಡದ ವಸ್ತುವನ್ನೂ ಕಳ್ಳನೆಂದು ತಿಳಿದು ಲಾಠಿ ಎತ್ತುತ್ತದೆ. ಆಗ ಹಿಸ್ಟಮಿನ್ ಎಂಬ ರಾಸಾಯನಿಕ ಚೆಲ್ಲುತ್ತದೆ. ಅದರಿಂದಲೇ ತುರಿಕೆ, ಸೀನು, ನೀರು, ಊತ. ಇದು ಬಹುಮಟ್ಟಿಗೆ ವಂಶದಿಂದ ಬಂದ ಬಳುವಳಿ. ಒಬ್ಬರಿಂದ ಒಬ್ಬರಿಗೆ ಅಂಟುವ ಜಾಡ್ಯವಲ್ಲ. ಹಾಗಾಗಿ ಸೀನುವ ಸಾವ್ಕಾರರ ಅಂಗಡಿಗೆ ಹೋಗಲು ಗಿರಾಕಿಗಳು ಹೆದರಬೇಕಿಲ್ಲ!

ಅಸಲಿ ಕಳ್ಳ ಯಾರು?

"ನಂಗೆ ಧೂಳಿನ ಅಲರ್ಜಿ" ಎನ್ನುವವರು ಊರ ತುಂಬ ಇದ್ದಾರೆ. ಆದರೆ ಬಹಳ ಸಲ ಕಳ್ಳ ರಸ್ತೆ ಧೂಳಿನಲ್ಲಿಲ್ಲ, ತಲೆದಿಂಬಿನಲ್ಲಿ! ಮನೆಯ ಧೂಳಿನಲ್ಲಿ ಕಣ್ಣಿಗೆ ಕಾಣದ ಒಂದು ಜಾತಿಯ ನುಸಿ ಇರುತ್ತದೆ. ತೆಂಗಿಗೆ ನುಸಿ ಪೀಡೆ ಬಂದದ್ದು ರೈತರಿಗೆ ಗೊತ್ತಲ್ಲ, ಅದರ ದೂರದ ದಾಯಾದಿ. ಉದ್ದ ಒಂದು ಮಿಲಿಮೀಟರಿನ ಮೂರನೇ ಒಂದು ಪಾಲು. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದಕ್ಕೆ ಊಟ. ಹಾಸಿಗೆ, ದಿಂಬು, ಕೌದಿ, ಕಾರ್ಪೆಟ್ಟು ಅದರ ವಾಸಸ್ಥಾನ. ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ಅದರ ಹಿಕ್ಕೆಯೇ ಮೂಗಿಗೆ ಹೋಗಿ ರಂಪ ಮಾಡುವುದು. ಹಳೇ ಪದ್ಧತಿಯ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆ ಹಿಂದೆ ಹಾಸಿರುವ ಹತ್ತಿಯ ಗಾದಿ, ಒರಗಿಕೊಳ್ಳುವ ಲೋಡು ಇವೆಯಲ್ಲ, ಅವೂ ಇದರ ಛತ್ರವೇ. ಸಾವ್ಕಾರರು ಕೂತಲ್ಲಿಯೇ ಸೀನಿದರೆ ಆಶ್ಚರ್ಯವೇನು?

ಎರಡನೇ ಆಸಾಮಿ ಪಾರ್ಥೇನಿಯಂ. ಜನರ ಬಾಯಲ್ಲಿ ಕಾಂಗ್ರೆಸ್ ಗಿಡ. ಅಮೆರಿಕದ ಗೋಧಿ ಜೊತೆ ಹಡಗು ಹತ್ತಿ ಬಂತು ಎಂಬ ಪ್ರತೀತಿ ಇದೆ. 1955ರಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು, ಆಮೇಲೆ ದೇಶವನ್ನೇ ನುಂಗಿತು. ಭದ್ರಾ ನಾಲೆಯ ದಂಡೆ, ರೈಲು ಹಳಿ ಪಕ್ಕ, ಖಾಲಿ ಸೈಟು, ಎಲ್ಲಿ ನೋಡಿದರಲ್ಲಿ ಅದರ ಬಿಳಿ ಹೂವು. ಮುಟ್ಟಿದವರಿಗೆ ಚರ್ಮದ ತುರಿ, ಪರಾಗ ಮೂಗಿಗೆ ಹೋದವರಿಗೆ ಸೀನು. ಬೆಂಗಳೂರಿನ ಜನರಲ್ಲಿ ನೂರಕ್ಕೆ 7 ಮಂದಿಗೆ ಈ ಗಿಡದಿಂದಲೇ ಮೂಗಿನ ಅಲರ್ಜಿ ಇದೆಯೆಂದು 1991ರಲ್ಲಿ ಪ್ರಕಟವಾದ ವಿಜ್ಞಾನಿಗಳ ಅಧ್ಯಯನವೊಂದು ಹೇಳಿತು.

ಇನ್ನು ಜಿರಲೆ, ಒದ್ದೆ ಗೋಡೆಯ ಬೂಷ್ಟು, ಬೆಕ್ಕು ನಾಯಿಗಳ ಮೈಹೊಟ್ಟು. ಇವೂ ಅದೇ ಗ್ಯಾಂಗಿನವು.

ಹಾಗಾದರೆ ಮೆಣಸಿನಕಾಯಿ ಘಾಟು, ಮೆಕ್ಕೆಜೋಳದ ದೂಳು, ಮಂಡಕ್ಕಿ ಭಟ್ಟಿಯ ಹೊಗೆ, ಬಸ್ಸಿನ ಡೀಸೆಲ್ ಹೊಗೆ? ಇವು ಉರಿಯುವ ಬೆಂಕಿಗೆ ತುಪ್ಪ. ಅಲರ್ಜಿ ಇಲ್ಲದವನೂ ಒಗ್ಗರಣೆ ಘಾಟಿಗೆ ಸೀನುತ್ತಾನೆ, ಆದರೆ ಘಾಟು ಹೋದರೆ ಸೀನೂ ಹೋಯಿತು. ಅಲರ್ಜಿಯಿಂದ ಮೊದಲೇ ಊದಿಕೊಂಡ ಮೂಗಿಗೆ ಇದೇ ಘಾಟು ನಾಲ್ಕು ಪಟ್ಟು ಬಾಧೆ ಕೊಡುತ್ತದೆ. ಗಾಳಿ ಸರಿಯಿಲ್ಲದ ಊರುಗಳೆಂದು ಕೇಂದ್ರ ಸರ್ಕಾರದ 2019ರ ಶುದ್ಧ ಗಾಳಿ ಯೋಜನೆಗೆ ಸೇರಿದ ಕರ್ನಾಟಕದ ನಾಲ್ಕು ನಗರಗಳಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಜೊತೆಗೆ ನಮ್ಮ ದಾವಣಗೆರೆಯೂ ಉಂಟು. ಹೆಮ್ಮೆ ಪಡುವ ಪಟ್ಟಿಯಲ್ಲ ಅದು.

ಅಂಗಡಿ, ಮನೆ, ಬಸ್ಸು

ಮೊದಲ ಕೆಲಸ, ಒಣ ಪೊರಕೆಗೆ ವಿದಾಯ ಹೇಳುವುದು. ಬೆಳಿಗ್ಗೆ ಬಾಗಿಲು ತೆಗೆದು ಹುಡುಗ ಬರಬರ ಗುಡಿಸಿದರೆ ಧೂಳು ಹೋಗುವುದಿಲ್ಲ, ನೆಲದಿಂದ ಎದ್ದು ಸಾವ್ಕಾರರ ಮೂಗಿಗೆ ವರ್ಗವಾಗುತ್ತದೆ ಅಷ್ಟೇ. ನೀರು ಚಿಮುಕಿಸಿ ಗುಡಿಸಿ. ರ‍್ಯಾಕು, ಡಬ್ಬಿಗಳನ್ನು ಒಣ ಬಟ್ಟೆಯಲ್ಲಿ ಝಾಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಅಲರ್ಜಿ ಇದ್ದವರು ಆ ಹೊತ್ತಿನಲ್ಲಿ ಹೊರಗೆ ನಿಂತು ಒಂದು ಚಹಾ ಕುಡಿದು ಬರಲಿ. ಪೂಜೆ ಬೇಡ ಎನ್ನುತ್ತಿಲ್ಲ, ಆದರೆ ಇಷ್ಟಗಲದ ಅಂಗಡಿಯಲ್ಲಿ ಹಿಡಿ ಊದುಬತ್ತಿ, ಮೇಲೊಂದು ಲೋಬಾನ ಬೇಕೇ? ಒಂದು ದೀಪ ಹಚ್ಚಿದರೂ ಲಕ್ಷ್ಮಿ ಒಲಿಯುತ್ತಾಳೆ.

ಮನೆಯಲ್ಲಿ ಮುಖ್ಯವಾಗಿ ಹಾಸಿಗೆ. ದಿಂಬಿನ ಚೀಲ, ಹಾಸು ಹೊದಿಕೆಗಳನ್ನು ವಾರಕ್ಕೊಮ್ಮೆ ಕೈ ಇಡಲಾಗದಷ್ಟು ಬಿಸಿ ನೀರಿನಲ್ಲಿ, ಅಂದರೆ ಸುಮಾರು 60 ಡಿಗ್ರಿಯಲ್ಲಿ, ನೆನೆಸಿ ಒಗೆಯಬೇಕು. ತಣ್ಣೀರಿಗೆ ನುಸಿ ಜಗ್ಗುವುದಿಲ್ಲ. ಗಾದಿ, ಕೌದಿಗಳನ್ನು ಚುರುಗುಟ್ಟುವ ಬಿಸಿಲಿಗೆ ಹಾಕಿ. ನಮ್ಮ ಅಜ್ಜಿಯರು ಮಾಡುತ್ತಿದ್ದ ಕೆಲಸವೇ ಇದು. ಕೊಡವುವ ಕೆಲಸ ಮಾತ್ರ ಅಲರ್ಜಿ ಇಲ್ಲದವರಿಗೆ ವಹಿಸಿ. ಮಲಗುವ ಕೋಣೆಯಲ್ಲಿ ಹಳೇ ಪೇಪರ್ ರಾಶಿ, ಗೋಣಿಚೀಲದ ಗಂಟು ಬೇಡ. ಸೊಳ್ಳೆ ಬತ್ತಿಯ ಹೊಗೆಗಿಂತ ಸೊಳ್ಳೆ ಪರದೆ ಮೇಲು. ಬೀಡಿ ಸಿಗರೇಟು ಸೇದುವ ಯಜಮಾನರೇ, ನಿಮ್ಮ ಹೊಗೆಗೆ ಮನೆಯ ಕೂಸು ಕೆಮ್ಮುತ್ತದೆ, ಗಮನವಿರಲಿ. ಇದರಲ್ಲಿ ಯಾವುದೋ ಒಂದನ್ನು ಮಾಡಿ "ಏನೂ ಗುಣ ಕಾಣ್ಲಿಲ್ಲ" ಎಂದರೆ ಆಗದು. ನಾಲ್ಕೂ ಕೂಡಿದರೆ ಮಾತ್ರ ಮೂಗಿಗೆ ನೆಮ್ಮದಿ.

ದಿನಾ ಬಸ್ಸಿನಲ್ಲಿ ಓಡಾಡುವ ನೌಕರರು, ವಿದ್ಯಾರ್ಥಿಗಳು ಮೂಗು ಬಾಯಿ ಎರಡೂ ಮುಚ್ಚುವ ಬಿಗಿ ಮಾಸ್ಕ್ ಹಾಕುವುದು ಒಳ್ಳೆಯದು. ಕೊರೊನಾ ಕಾಲದಲ್ಲಿ ಎಲ್ಲರಿಗೂ ಅಭ್ಯಾಸವಾಗಿದೆ, ನಾಚಿಕೆ ಏನಿಲ್ಲ. ರಸ್ತೆ ಕೆಲಸ ನಡೆಯುವ ಕಡೆ ಕಿಟಕಿ ಗಾಜು ಎಳೆದುಬಿಡಿ. ಮನೆಗೆ ಹೋದ ಕೂಡಲೇ ಮುಖ ತೊಳೆದು ಬಟ್ಟೆ ಬದಲಿಸಿ. ಪರಾಗ ಹೊತ್ತ ಅಂಗಿಯಲ್ಲೇ ದಿಂಬಿಗೆ ತಲೆ ಕೊಡಬೇಡಿ.

"ಅಣ್ಣಾ, ನೆಗಡಿ ಗುಳಿಗೆ ಎರಡು ಕೊಡ್ರೀ"

ಮೆಡಿಕಲ್ ಶಾಪಿನ ಮುಂದೆ ದಿನಕ್ಕೆ ನೂರು ಸಲ ಕೇಳುವ ಮಾತಿದು. ಕೊಡುವವರು ಕೊಡುತ್ತಾರೆ, ನುಂಗುವವರು ನುಂಗುತ್ತಾರೆ. ಯಾವ ಗುಳಿಗೆ ಎಂದು ಕೇಳುವವರಿಲ್ಲ.

ಹಳೇ ಕಾಲದ ಕ್ಲೋರ್‌ಫೆನಿರಮಿನ್, ಫೆನಿರಮಿನ್ ಜಾತಿಯ ಗುಳಿಗೆಗಳು ಸೀನು ನಿಲ್ಲಿಸುತ್ತವೆ, ಜೊತೆಗೆ ಮನುಷ್ಯನನ್ನೂ ಮಲಗಿಸುತ್ತವೆ! ಹರಿಹರದಲ್ಲಿ ಇಳಿಯಬೇಕಾದವರು ರಾಣೆಬೆನ್ನೂರಿನಲ್ಲಿ ಕಣ್ಣು ಬಿಟ್ಟರೆ ನಗಬಹುದು. ಆದರೆ ಗುಳಿಗೆ ನುಂಗಿದವರು ಬೈಕಿನ ಮೇಲೋ ಆಟೋ ಹ್ಯಾಂಡಲ್ ಹಿಂದೆಯೋ ಇದ್ದರೆ ನಗುವ ಮಾತಲ್ಲ. ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರಿಗೆ ಈ ಗುಳಿಗೆಗಳಿಂದ ಮೂತ್ರ ಕಟ್ಟಿಕೊಳ್ಳುವುದೂ ಉಂಟು. ಮೂಗು ಬಿಡಿಸಲೆಂದು ಬೇರೆ ಮದ್ದು ಬೆರೆಸಿದ "ನೆಗಡಿ ಗುಳಿಗೆ"ಗಳು ಬಿ.ಪಿ. ಇದ್ದವರಿಗೆ ಹಿತವಲ್ಲ. ಆಮೇಲೆ ಬಂದ ಸೆಟಿರಿಜಿನ್, ಲೊರಾಟಡಿನ್, ಫೆಕ್ಸೋಫೆನಡಿನ್‌ಗಳಲ್ಲಿ ಮಂಪರು ಕಡಿಮೆ. ಸೆಟಿರಿಜಿನ್ ಕೆಲವರಿಗೆ ಸ್ವಲ್ಪ ತೂಕಡಿಕೆ ತರುತ್ತದೆ, ಅಂಥವರು ರಾತ್ರಿ ತೆಗೆದುಕೊಳ್ಳಬಹುದು. ಮಾಂಟೆಲುಕಾಸ್ಟ್ ಸೇರಿದ ಜೋಡಿ ಗುಳಿಗೆಯನ್ನು ಚಾಕಲೇಟಿನಂತೆ ನುಂಗುವವರಿದ್ದಾರೆ. ಅದರಿಂದ ಕೆಲವರಲ್ಲಿ ಮನಸ್ಸು ಕೆಡುವುದು, ಕೆಟ್ಟ ಕನಸು, ಖಿನ್ನತೆ ಕಂಡದ್ದರಿಂದ ಅಮೆರಿಕದ ಔಷಧ ಇಲಾಖೆ 2020ರಲ್ಲಿ ಅದಕ್ಕೆ ಕಟು ಎಚ್ಚರಿಕೆಯ ಚೀಟಿ ಅಂಟಿಸಿತು. ಡಾಕ್ಟರು ಬರೆದುಕೊಟ್ಟರೆ ಸರಿ, ಕೌಂಟರಿನ ಮೇಲೆ ಕೇಳಿ ಪಡೆಯುವ ಮಾಲು ಅದಲ್ಲ.

ಇನ್ನೊಂದು ಚಟ, ಮೂಗು ಬಿಡಿಸುವ ಹನಿ. ಎರಡು ತೊಟ್ಟು ಬಿಟ್ಟರೆ ಐದು ನಿಮಿಷದಲ್ಲಿ ಮೂಗು ಹೆದ್ದಾರಿ! ಸುಖವೋ ಸುಖ. ಆದರೆ ಮೂರು, ಹೆಚ್ಚೆಂದರೆ ಐದು ದಿನ ದಾಟಿದರೆ ಹನಿಯೇ ತಿರುಗಿ ಬೀಳುತ್ತದೆ. ಹನಿ ಇಳಿದೊಡನೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ಮತ್ತೆ ಹನಿ, ಮತ್ತೆ ಬಿಗಿ. ಬಡ್ಡಿ ಸಾಲದಂತೆ, ತೀರುವುದೇ ಇಲ್ಲ. ವರ್ಷಗಟ್ಟಲೆ ಬಾಟಲಿ ಜೇಬಿನಲ್ಲಿಟ್ಟು ತಿರುಗುವವರು ಡಾಕ್ಟರ ಸಹಾಯದಿಂದ ಅದನ್ನು ಬಿಡಬೇಕು.

ಮೂರನೆಯದು "ಒಂದು ಸೂಜಿ ಚುಚ್ಚಿಸಿಬಿಡಿ, ಆರು ತಿಂಗಳು ಸೀನಿಲ್ಲ" ಎಂಬ ಇಂಜೆಕ್ಷನ್. ಇಂಥ ಬಹುತೇಕ ಸೂಜಿಗಳಲ್ಲಿ ಇರುವುದು ದೇಹದಲ್ಲಿ ವಾರಗಟ್ಟಲೆ ಉಳಿಯುವ ಸ್ಟೀರಾಯ್ಡ್. ಸೀನು ನಿಲ್ಲುವುದು ನಿಜ. ಆದರೆ ಸಕ್ಕರೆ ಏರುತ್ತದೆ, ಪದೇ ಪದೇ ತೆಗೆದುಕೊಂಡರೆ ಮೂಳೆ ಸವೆಯುತ್ತದೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ! ಅಲರ್ಜಿಗೆ ಈ ಸೂಜಿಯನ್ನು ತಜ್ಞರು ಒಪ್ಪುವುದಿಲ್ಲ.

ಹೆದರಬೇಡಿ, ಇದು ಬೇರೆ ಸ್ಪ್ರೇ

ಹಾಗಾದರೆ ಸರಿಯಾದ ಮದ್ದು ಯಾವುದು? ಬಿಡದೆ ಕಾಡುವ ಮೂಗಿನ ಅಲರ್ಜಿಗೆ ಇಂದು ಡಾಕ್ಟರುಗಳು ಮೊದಲು ನಂಬುವುದು ಮೂಗಿಗೆ ಹೊಡೆಯುವ ಸ್ಟೀರಾಯ್ಡ್ ಸ್ಪ್ರೇಯನ್ನು. ಫ್ಲುಟಿಕಾಸೋನ್, ಮೊಮೆಟಾಸೋನ್ ಎಂಬ ಹೆಸರಿನವು. "ಅಯ್ಯಯ್ಯೋ, ಸ್ಟೀರಾಯ್ಡಾ?" ಎಂದು ಬೆಚ್ಚಬೇಡಿ. ಗುಳಿಗೆ, ಸೂಜಿಯ ಸ್ಟೀರಾಯ್ಡ್ ಮೈಯೆಲ್ಲ ಸುತ್ತುತ್ತದೆ. ಈ ಸ್ಪ್ರೇಯ ಅತಿ ಸಣ್ಣ ಪ್ರಮಾಣ ಮೂಗಿನೊಳಗೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ಅತ್ಯಲ್ಪ. ಅಭ್ಯಾಸ ಹಿಡಿಸುವುದೂ ಇಲ್ಲ.

ನಮ್ಮ ಜನ ಸೋಲುವುದು ಎರಡು ಕಡೆ. ಒಂದು, ಎರಡು ದಿನ ಹೊಡೆದು "ಏನೂ ಪ್ರಯೋಜನ ಇಲ್ರೀ" ಎಂದು ಮೂಲೆಗೆ ಎಸೆಯುತ್ತಾರೆ. ಇದು ಹನಿಯಂತೆ ಐದು ನಿಮಿಷದ ಮ್ಯಾಜಿಕ್ ಅಲ್ಲ. ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು, ಸೀನು ಇರಲಿ ಬಿಡಲಿ ದಿನವೂ ಹೊಡೆಯಬೇಕು. ಎರಡು, ಹೊಡೆಯುವ ಕ್ರಮ ತಪ್ಪು. ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ ಹೊಡೆಯಿರಿ. ಹಾಗಾದರೆ ಮದ್ದು ಮೂಗಿನ ನಡುಗೋಡೆಗೆ ಬೀಳದೆ ಪಕ್ಕಕ್ಕೆ ಬೀಳುತ್ತದೆ, ಗೋಡೆ ಒಣಗಿ ರಕ್ತ ಬರುವ ಸಂಭವ ಕಡಿಮೆ. ಜೋರಾಗಿ ಎಳೆದು ಗಂಟಲಿಗೆ ಇಳಿಸಬೇಡಿ. ಎಷ್ಟು ದಿನ, ಎಷ್ಟು ಸಲ, ಮಕ್ಕಳಿಗೆ ಎಷ್ಟು ಎಂಬುದನ್ನು ಡಾಕ್ಟರೇ ಹೇಳಲಿ.

ಸ್ಪ್ರೇಗೆ ಮುಂಚೆ ಉಪ್ಪು ನೀರಿನಿಂದ ಮೂಗು ತೊಳೆದರೆ ಇನ್ನೂ ಒಳ್ಳೆಯದು. ನಮ್ಮ ಯೋಗದ ಜಲನೇತಿ ಇದೇ ತಾನೆ? ಒಂದು ಲೋಟ ನೀರಿಗೆ ಅರ್ಧ ಚಹಾ ಚಮಚ ಉಪ್ಪು ಸಾಕು. ಆದರೆ ನಲ್ಲಿ ನೀರನ್ನು, ಬೋರ್ ನೀರನ್ನು ಹಾಗೇ ಮೂಗಿಗೆ ಬಿಡಬಾರದು. ಕುದಿಸಿ ಆರಿಸಿದ ನೀರೇ ಆಗಬೇಕು. ಕೊಳಕು ನೀರಿನಲ್ಲಿರುವ ಒಂದು ಜಾತಿ ಅಮೀಬಾ ಮೂಗಿನ ಮೂಲಕ ಮಿದುಳಿಗೆ ಹತ್ತಿದರೆ ಪ್ರಾಣಕ್ಕೇ ಕುತ್ತು. ಅಪರೂಪದ ಸಂಗತಿ, ಆದರೂ ಹುಡುಗಾಟವಲ್ಲ.

ಇಷ್ಟಾದರೂ ಬಗ್ಗದಿದ್ದರೆ ಅಲರ್ಜಿ ಪರೀಕ್ಷೆ ಇದೆ. ಮುಂಗೈ ಮೇಲೆ ಒಂದೊಂದು ವಸ್ತುವಿನ ಹನಿ ಇಟ್ಟು ಮೆಲ್ಲಗೆ ಚುಚ್ಚಿ ಯಾವುದಕ್ಕೆ ದದ್ದು ಏಳುತ್ತದೆಂದು ನೋಡುತ್ತಾರೆ. ಅದಕ್ಕೆ ಮುಂಚೆ ಕೆಲವು ದಿನ ಸೀನಿನ ಗುಳಿಗೆ ನಿಲ್ಲಿಸಿರಬೇಕು, ಇಲ್ಲದಿದ್ದರೆ ಫಲಿತಾಂಶ ಸುಳ್ಳಾಗುತ್ತದೆ. ಕಳ್ಳ ಸಿಕ್ಕಿದ ಮೇಲೆ ಅದೇ ವಸ್ತುವನ್ನು ಅತಿ ಸಣ್ಣ ಪ್ರಮಾಣದಿಂದ ಏರಿಸುತ್ತಾ ಹೋಗಿ ದೇಹವನ್ನು ಒಗ್ಗಿಸುವ ಚಿಕಿತ್ಸೆಯೂ ಉಂಟು. 1911ರಲ್ಲಿ ಲಂಡನ್ನಿನಲ್ಲಿ ಲಿಯೊನಾರ್ಡ್ ನೂನ್ ಎಂಬ ವೈದ್ಯ ಹುಲ್ಲಿನ ಪರಾಗದಿಂದ ಶುರು ಮಾಡಿದ ದಾರಿ ಇದು. ಸುಮಾರು ಮೂರು ವರ್ಷದ ತಾಳ್ಮೆ ಬೇಕು, ನುರಿತ ಡಾಕ್ಟರೇ ಬೇಕು.

ಇವಿದ್ದರೆ ತಡ ಮಾಡಬೇಡಿ

ಎದೆಯಲ್ಲಿ ಸುಯ್ ಸುಯ್ ಶಬ್ದ, ರಾತ್ರಿ ಕೆಮ್ಮಿ ಏಳುವುದು, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುವುದು. ಇದು ಅಸ್ತಮಾ ಇರಬಹುದು. ಮೂಗಿನ ಅಲರ್ಜಿ ಮತ್ತು ಅಸ್ತಮಾ ಒಂದೇ ದಾರಿಯ ಮೇಲಿನ, ಕೆಳಗಿನ ಮನೆ. "ಇನ್‌ಹೇಲರ್ ಹಿಡಿದರೆ ಬಿಡೋಕಾಗಲ್ಲ" ಎಂಬ ಮಾತು ನಂಬಿ ಮಕ್ಕಳನ್ನು ಏದುಸಿರು ಬಿಡಿಸಬೇಡಿ. ಕೊನೆಯವರೆಗೂ ಒಂದೇ ಹೊಳ್ಳೆ ಕಟ್ಟಿರುವುದು, ಒಂದೇ ಕಡೆ ರಕ್ತ ಸೋರುವುದು, ಜ್ವರದ ಜೊತೆ ಮುಖ ನೋವು, ಹಸಿರು ಸಿಂಬಳ ಇವು ಅಲರ್ಜಿಯ ಲಕ್ಷಣವಲ್ಲ. ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸಿ.

ಊರಿನ ಮೂಗು ಯಾರ ಹೊಣೆ?

ಹಾಸಿಗೆ ಬಿಸಿಲಿಗೆ ಹಾಕುವುದು ನಮ್ಮ ಕೆಲಸ. ಸ್ಪ್ರೇ ಹೊಡೆಯುವುದೂ ನಮ್ಮ ಕೆಲಸ. ಆದರೆ ಪಕ್ಕದ ಖಾಲಿ ಸೈಟಿನಲ್ಲಿ ಎದೆಮಟ್ಟ ಬೆಳೆದ ಪಾರ್ಥೇನಿಯಂ ಯಾರ ಕೆಲಸ? ಕರ್ನಾಟಕ ಸರ್ಕಾರ ಈ ಗಿಡವನ್ನು ಪೀಡೆ ಕಳೆಯೆಂದು ಸಾರಿದ್ದು 1975ರಲ್ಲಿ! ಮೆಕ್ಸಿಕೋದಿಂದ ಎಲೆ ತಿನ್ನುವ ದುಂಬಿ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದೂ ಆಯಿತು. ಪಾಪ, ದುಂಬಿ ಮಳೆಗಾಲದಲ್ಲಿ ತಿನ್ನುತ್ತದೆ, ಒಣಗಾಲಕ್ಕೆ ಮಣ್ಣಿನಲ್ಲಿ ಮಲಗುತ್ತದೆ. ಒಂದೊಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸುವಾಗ ಅದೊಂದೇ ಏನು ಮಾಡೀತು? ಕಾಯಿದೆ ಕಾಗದದ ಮೇಲಿದೆ, ಗಿಡ ಸೈಟಿನ ಮೇಲಿದೆ.

ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ದೇಶದಲ್ಲಿ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ಭಾಷಣ, ಬ್ಯಾನರು, ಫೋಟೋ. ಅದರ ಬದಲು ವಾರ್ಡಿಗೊಂದು ದಿನ ಗೊತ್ತು ಮಾಡಿ, ಮಳೆ ಬಿದ್ದು ನೆಲ ಮೆತ್ತಗಿರುವಾಗ, ಹೂ ಬಿಡುವ ಮುಂಚೆ, ಕೈಗವಸು ಮಾಸ್ಕ್ ಹಾಕಿ ಬೇರು ಸಮೇತ ಕಿತ್ತರೆ ಹೇಗೆ? ಅಲರ್ಜಿ ಇರುವವರು ಕೀಳಲು ಹೋಗಬಾರದು, ಕೀಳುವವರಿಗೆ ಚಹಾ ಕೊಡಿಸಲಿ. ಕಸ ಗುಡಿಸುವ ಪೌರಕಾರ್ಮಿಕರಿಗೆ ನಮಗಿಂತ ಮೊದಲು ಧೂಳು ತಾಗುತ್ತದೆ, ಅವರಿಗೆ ಒಳ್ಳೆಯ ಮಾಸ್ಕ್ ಸಿಗಲಿ. ಪೇಟೆಯ ಕಸಕ್ಕೆ ರಾತ್ರಿ ಬೆಂಕಿ ಇಡುವ ಪದ್ಧತಿ ನಮ್ಮ ವರ್ತಕ ಬಾಂಧವರೇ ನಿಲ್ಲಿಸಬೇಕು.

ಖಾಲಿ ಸೈಟಿನ ಯಜಮಾನರೇ, ಬೆಲೆ ಏರಲೆಂದು ಸೈಟು ಖಾಲಿ ಬಿಟ್ಟಿದ್ದೀರಿ, ಸರಿ. ಬೆಳೆದ ಗಿಡದ ಬಾಡಿಗೆಯನ್ನು ಅಕ್ಕಪಕ್ಕದವರ ಮೂಗು ಕಟ್ಟುತ್ತಿದೆ. ಈ ಸಲದ ಮಳೆಗಾದರೂ ಸಂಬಂಧಪಟ್ಟವರು ಹೂ ಅರಳುವ ಮೊದಲು ಕಣ್ಣು ಬಿಡುವರೇ?